ನಿವೃತ್ತ ಲಕ್ಷಣ ಸಂಗ್ರಹ

ಅಥ ನಿವೃತ್ತ ಜಿಜ್ಞಾಸಾ. ತಿಂಗಳ ಕೊನೆಯ ಸಂಜೆ ಹಾರ, ಶಾಲು, ಹಣ್ಣಿನ ಬುಟ್ಟಿ ಸಮೇತ ಮನೆಗೆ ಬಂದಿಳಿದು, ಮರುದಿನ ಒಂಬತ್ತಕ್ಕೆಲ್ಲ ಸ್ನಾನ, ತಿಂಡಿ ಮುಗಿಸಿ ಎಲ್ಲಿಗೆ ಹೊರಡಬೇಕೆಂದು ತೋಚದೆ ನಿಂತವನೇ ನಿವೃತ್ತ. ರಾಜ್ಯ ಸರ್ಕಾರದ ನೌಕರರಲ್ಲಿ ಈ ಅವಸ್ಥೆ 60ಕ್ಕೆ ಪ್ರಕಟವಾಗುತ್ತದೆ. ಮೈ ಸುಕ್ಕಾಗಿ, ಕೂದಲು ನರೆತು, ಮೊಮ್ಮಗನ ಮುಖ ಕಂಡ ಮೇಲೆ ಕಾಡಿಗೆ ಹೋಗು ಎಂದ ಮನು. ಈಗ ಮೊಮ್ಮಗನ ಮುಖ ಕಾಣುವುದು ಭಾನುವಾರದ ವಿಡಿಯೋ ಕಾಲ್‌ನಲ್ಲಿ. ಕಾಡಿನ ಜಾಗದಲ್ಲಿ ಕುಕ್ಕರಹಳ್ಳಿ ಕೆರೆ ಏರಿ. ಪಿಂಚಣಿದಾರರ ಸ್ವರ್ಗವೆಂದು ಹೆಸರಾದ ಮೈಸೂರಿನಲ್ಲಿ ಅಧ್ಯಯನಕ್ಕೆ ಮಾದರಿಗಳ ಕೊರತೆಯಿಲ್ಲ.

ಮೊದಲನೆಯವರು ಪದಶೇಷರು. ಪದವಿ ಹೋಗಿ ಅದರ ನಾಮಫಲಕ ಉಳಿದವರು. ಫಲಕದಲ್ಲಿ 'ಕಾರ್ಯಪಾಲಕ ಇಂಜಿನಿಯರ್' ದಪ್ಪಕ್ಷರ, 'ನಿವೃತ್ತ' ಇರುವೆಯ ಗಾತ್ರ. ಹಳೆಯ ಕಚೇರಿಯವರು ಫೋನು ಎತ್ತುವವರೆಗೆ ತಮಗೆ ಬೆಲೆಯಿದೆ ಎಂಬುದು ಇವರ ಸಿದ್ಧಾಂತ. ಮೊದಲ ಆರು ತಿಂಗಳು ಎತ್ತುತ್ತಾರೆ. ಆಮೇಲೆ 'ಮೀಟಿಂಗಲ್ಲಿದೀನಿ ಸಾರ್'.

ಎರಡನೆಯವರು ವಾಹಕರು. 'ಹೇಗೂ ಮನೇಲೇ ಇರ್ತೀರಲ್ಲ' ಎಂಬ ಮಂತ್ರದಿಂದ ಇವರನ್ನು ಚಲನೆಗೆ ತರಬಹುದು: ಹಾಲು, ಕೊತ್ತಂಬರಿ ಸೊಪ್ಪು, ಗಿರಣಿಯ ಹಿಟ್ಟು, ಸ್ಕೂಲ್ ವ್ಯಾನ್. ಗೊಣಗುತ್ತಾರೆ, ಆದರೆ ಸಂಪೂರ್ಣ ಸುಳ್ಳು ಗೊಣಗಾಟ. ಕರೆಂಟ್ ಬಿಲ್ಲನ್ನು ಮಗ ಮೊಬೈಲಿನಲ್ಲಿ ಎರಡೇ ನಿಮಿಷದಲ್ಲಿ ಕಟ್ಟಿಬಿಟ್ಟ ದಿನ ಇವರ ಮುಖ ನೋಡಬೇಕು. ಕ್ಯೂ, ಚಿಲ್ಲರೆ, ರಸೀದಿ, ದಾರಿಯಲ್ಲೊಂದು ಕಾಫಿ ಎಲ್ಲ ಸೇರಿದ ಒಂದಿಡೀ ಬೆಳಗನ್ನು ಅವನು ಕಸಿದಿರುತ್ತಾನೆ. ಮಕ್ಕಳು ಇದನ್ನು ಸಹಾಯವೆಂದು ತಿಳಿದಿದ್ದಾರೆ.

ಅರ್ಜಿದಾರರದ್ದು ಉಪಜಾತಿ. ಮೂರು ದಶಕ ಸಾರ್ವಜನಿಕರಿಂದ ಕಡತ ಬಚ್ಚಿಟ್ಟವರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದನ್ನೇ ಕೇಳುತ್ತಾರೆ. ಯಾವ ಟಿಪ್ಪಣಿ ಎಲ್ಲಿರುತ್ತದೆಂದು ಬಲ್ಲರು.

ದ್ವಿಜನ್ಮರು ಅತಿ ವಿರಳ. ಮುಂಬಯಿ ಸರ್ಕಾರದ ನೌಕರಿ ಬಿಟ್ಟ ಮೇಲೆ ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರು ದಿವಾನರಾದರು; 1918ರಲ್ಲಿ ಅದನ್ನೂ ಬಿಟ್ಟು 1962ರವರೆಗೆ ಬದುಕಿದರು. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಬಂದದ್ದು ಅಧಿಕಾರ ಬಿಟ್ಟು ಹತ್ತಾರು ವರ್ಷಗಳಾದ ಮೇಲೆ, 1956ರಲ್ಲಿ. ಕೆರೆ ಏರಿಯಲ್ಲಿ ಈ ಇಬ್ಬರ ಹೆಸರು ದಿನಾ ಕೇಳುತ್ತದೆ. ಕೇಳಿದವರು ಇನ್ನೊಂದು ಸುತ್ತು ಹಾಕಿ ಮನೆಗೆ ಹೋಗುತ್ತಾರೆ.

ಮನೆಯಲ್ಲೇ ದುಡಿದ ಹೆಂಗಸರಿಗೆ ನಿವೃತ್ತಿಯೇ ಸಂಭವಿಸದ ಕಾರಣ ಅವರು ಈ ಶಾಸ್ತ್ರದ ವ್ಯಾಪ್ತಿಗೆ ಹೊರಗು.

ಇನ್ನು ಮಾನವಿಚಾರ. ಈ ಜೀವಿಗಳ ಬೆಲೆ ಅಳೆಯುವ ಕೋಲು ಯಾವುದು? ಪ್ರಶಂಸಾಪತ್ರವಲ್ಲ, ಮಕ್ಕಳ ಸಂಬಳವೂ ಅಲ್ಲ. ನಿಜವಾದ ಕೋಲು ಕೇಂದ್ರ ಸರ್ಕಾರದ ಬಳಿಯಿದೆ. ಅಲ್ಲಿಯ ಪಿಂಚಣಿದಾರನಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ. 20 ಹೆಚ್ಚು; 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ ಇಡೀ ಶೇ. 100. ಸೇವೆಯಲ್ಲಿದ್ದಾಗ ಇಂಥ ಬಡ್ತಿ ಎಲ್ಲಿತ್ತು? ಪರೀಕ್ಷೆಯಿಲ್ಲ, ಗೌಪ್ಯ ವರದಿಯಿಲ್ಲ, ವರ್ಗಾವಣೆಯಿಲ್ಲ. ನವೆಂಬರ್‌ನಲ್ಲಿ ಬದುಕಿದ್ದೇನೆಂದು ರುಜುವಾತು ಕೊಟ್ಟರೆ ಸಾಕು. ಉದ್ದೇಶವಿಲ್ಲದೆ ಬದುಕುವುದು ವ್ಯರ್ಥವೆಂದು ಹತ್ತೊಂಬತ್ತು ವರ್ಷ ಉಪನ್ಯಾಸ ಮಾಡಿದ ಅಂಚೆ ಇಲಾಖೆಯ ಹಿರಿಯರೊಬ್ಬರು ಈಗ ಎಪ್ಪತ್ತೊಂಬತ್ತರಲ್ಲಿ ಉಪ್ಪಿನಕಾಯಿ ಬಿಟ್ಟಿದ್ದಾರೆ, ರಸ್ತೆ ದಾಟುವಾಗ ಎರಡೂ ಕಡೆ ನೋಡುತ್ತಾರೆ.