ಕೊಯ್ಲು ಮುಗೀಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಯಾವ ಅಡಿಕೆ ಬೆಳೆಗಾರರ ಮನೆಗಾದರೂ ಹೋಗಿ, ಜಗಲಿಯಲ್ಲಿ ಕೂತು ಏನು ಬೇಕಾದರೂ ಕೇಳಿ. ಮಾಡಿನ ಹೆಂಚು ಬದಲಾಯಿಸೋದು ಯಾವಾಗ? ಕೊಯ್ಲು ಮುಗೀಲಿ. ಹುಳುಕು ಹಲ್ಲು ಕೀಳಿಸೋದು? ಕೊಯ್ಲು ಮುಗೀಲಿ. ಅಣ್ಣತಮ್ಮಂದಿರ ಪಾಲುಪಟ್ಟಿ? ಅದಂತೂ ಕೊಯ್ಲು ಮುಗಿದ ಮೇಲೇ. ಕೊಯ್ಲು ಮುಗಿದ ಮೇಲೆ ಹೋಗಿ ಕೇಳಿದರೆ ರೇಟು ಏರಲಿ ಅನ್ನುತ್ತಾರೆ. ರೇಟು ಏರಿದರೆ ಮಳೆಗಾಲ ಕಳೀಲಿ. ಮಳೆಗಾಲ ಕಳೆಯುವ ಹೊತ್ತಿಗೆ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಹಗ್ಗ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿರುತ್ತಾನೆ.

ಇವರನ್ನು ಸೋಮಾರಿಗಳೆಂದರೆ ನಾಲಿಗೆಗೆ ಹುಳ ಬೀಳುತ್ತದೆ. ಇವರು ಯೋಜನೆಯ ಮನುಷ್ಯರು. ಗೊಬ್ಬರದ ಕಂಪನಿ ಪುಕ್ಕಟೆ ಕೊಟ್ಟ ಡೈರಿಯಲ್ಲಿ ಎಲ್ಲವೂ ಬರೆದಿರುತ್ತದೆ. ಆಗದೆ ಉಳಿಯುವುದು ಕೆಲಸ ಒಂದೇ. ಈ ಕುಲದ ತಿಲಕಪ್ರಾಯರು ನನ್ನ ಅಕ್ಕನ ಗಂಡ, ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯ ಭಾವ.

ಭಾವನ ಕಿವಿಗಳ ಅಂಚಿನಲ್ಲಿ ಗದ್ದೆಯ ಬದುವಿನ ಗರಿಕೆಯಂತೆ ಕಪ್ಪು ಕೂದಲು. ಅದು ಭಾಗ್ಯವಂತರ ಲಕ್ಷಣವೆಂದು ಅವರ ಅಜ್ಜಿ ಹೇಳಿದ್ದರಂತೆ. ಹಾಗಾಗಿ ಐವತ್ತು ವರ್ಷ ಯಾರೂ ಅದರ ತಂಟೆಗೆ ಹೋಗಲಿಲ್ಲ. ತಂಟೆ ಬಂದದ್ದು ದೊಡ್ಡ ಮಗಳ ಮದುವೆಯ ಆಲ್ಬಮ್ಮಿನಿಂದ. ಫೋಟೋದ ಹುಡುಗ ಧಾರೆಯ ಚಿತ್ರವನ್ನೆಲ್ಲ ಪಕ್ಕದಿಂದಲೇ ತೆಗೆದಿದ್ದ. ಕನ್ಯಾದಾನದ ಪುಟಪುಟದಲ್ಲೂ ಮದುಮಗಳಿಗಿಂತ ಮುಂದೆ ಭಾವನ ಬಲಗಿವಿ. ಬೆಂಗಳೂರಿನಲ್ಲಿದ್ದ ಎರಡನೇ ಮಗಳು ಫೋನಿನಲ್ಲಿ, "ಅಪ್ಪಯ್ಯ, ನನ್ನ ಮದುವೆಯೊಳಗೆ ಲೇಸರ್ ಮಾಡಿಸ್ಕೋ" ಅಂದಳು.

2022ರ ಬೇಸಿಗೆ. ಅಡಿಕೆ ಮಾರಲು ಶಿವಮೊಗ್ಗಕ್ಕೆ ಹೋದ ದಿನವೇ, ಒಂದು ಬಾಡಿಗೆಯಲ್ಲಿ ಎರಡು ಕೆಲಸ ಅಂತ, ನನ್ನನ್ನೂ ಎಳೆದುಕೊಂಡು ಚರ್ಮದ ಡಾಕ್ಟರ ಬಳಿ ಹೋದರು. ಹೊರಗೆ ಕಾಯುತ್ತಿದ್ದವರೆಲ್ಲ ಹೆಣ್ಣುಮಕ್ಕಳು. ಭಾವ ಟವೆಲನ್ನು ಎರಡೂ ಕಿವಿ ಮುಚ್ಚುವಂತೆ ಸುತ್ತಿಕೊಂಡು, ಶೀತ ಆದವರ ಹಾಗೆ ಕೂತರು.

ಡಾಕ್ಟರಮ್ಮ ಸಾವಧಾನದವರು. ಕೂದಲೆಲ್ಲ ಒಟ್ಟಿಗೆ ಬೆಳೆಯುವುದಿಲ್ಲ, ಕೆಲವು ಬೆಳೆಯುತ್ತಿರುತ್ತವೆ, ಕೆಲವು ಮಲಗಿರುತ್ತವೆ, ಬೆಳೆಯುತ್ತಿರುವುದರ ಬುಡಕ್ಕೆ ಮಾತ್ರ ಲೇಸರ್ ತಾಗುತ್ತದೆ, ಅದಕ್ಕೇ ಸುಮಾರು ಆರು ಸಲ ಬರಬೇಕು ಎಂದು ಅವರು ವಿವರಿಸುತ್ತಿದ್ದಂತೆ ಭಾವ ಕೈಯೆತ್ತಿ ತಡೆದರು.

"ಗೊತ್ತಾತು ಬಿಡಿ. ಒಂದೇ ಮರದಲ್ಲಿ ನಾಲ್ಕು ಕೊನೆ ಇದ್ರೂ ಒಟ್ಟಿಗೆ ಬಲಿಯೋದಿಲ್ಲ. ಬಲಿತಿದ್ದು ಇಳಿಸಿ, ಎಳೇದು ಬಿಟ್ಟು, ಕೊನೆಗೌಡ ಮತ್ತೆ ಮತ್ತೆ ಹತ್ತಬೇಕು. ಅಷ್ಟೇ ಅಲ್ವಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇಷ್ಟು ವರ್ಷ ತಮಗೆ ಈ ಉಪಮೆ ಹೊಳೆಯಲಿಲ್ಲವಲ್ಲ ಎಂಬ ಬೇಸರ ಮುಖದಲ್ಲಿ ಕಂಡಿತು. ಖುಷಿಯಲ್ಲಿ ಮತ್ತಷ್ಟು ಹೇಳಿದರು. ಹೊರಗೆ ಕೂತ ಹುಡುಗಿಯರಲ್ಲಿ ಕೆಲವರಿಗೆ ಗಲ್ಲದಲ್ಲಿ ಕೂದಲು ಬರುವುದು ಹಾರ್ಮೋನಿನ ಏರುಪೇರಿನಿಂದ. ಮುಟ್ಟು ಸರಿಯಿಲ್ಲದಿದ್ದರೆ ಮೊದಲು ರಕ್ತಪರೀಕ್ಷೆ, ಪಿಸಿಓಡಿ ಇದ್ದರೆ ಅದಕ್ಕೆ ಔಷಧಿ, ಜೊತೆಗೆ ಲೇಸರ್. "ಹೌದು ಮತ್ತೆ. ಬೇರಿಗೆ ಅಣಬೆ ರೋಗ ಹಿಡಿದ ಮರಕ್ಕೆ ತುದಿಗೆ ಔಷಧಿ ಹೊಡೆದು ಎಂತ ಮಾಡೋದು?" ಅಂದರು ಭಾವ. ಹಾಸ್ಯ ಹಾಗಿರಲಿ, ಮೂರು ತಾಲೂಕಿನ ತಾಯಂದಿರು ಕೇಳಿಸಿಕೊಳ್ಳಬೇಕಾದ ಮಾತು ಇದು.

ಒಂದೇ ಕಡೆ ತೊಡಕಾಯಿತು. ನಮ್ಮವರ ಮೈಬಣ್ಣಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಕ್ಷೇಮ, ಅದು ಮೇಲಿನ ಚರ್ಮವನ್ನು ಅಷ್ಟಾಗಿ ಕೆಣಕದೆ ಆಳಕ್ಕೆ ಇಳಿಯುತ್ತದೆ ಎಂದರು ಡಾಕ್ಟರಮ್ಮ. ಭಾವನ ಮುಖ ಗಂಭೀರವಾಯಿತು. "ಯಾಗ ಅಂದ್ರೆ ಮುಹೂರ್ತ ನೋಡ್ಬೇಕಲ್ಲ?"

ಆಮೇಲೆ ಪಥ್ಯದ ಪಟ್ಟಿ. ಭಾವ ಯೂರಿಯಾ ಲೆಕ್ಕದ ಕೆಳಗೆ ಬರೆದುಕೊಂಡರು: ಆರು ವಾರಕ್ಕೊಂದು ಸಲ. ನಾಲ್ಕು ವಾರ ಮುಂಚಿನಿಂದ ಕೂದಲು ಕೀಳಬಾರದು, ಬೋಳಿಸಬಹುದು. ಮುಂಚೆ, ಆಮೇಲೆ ಬಿಸಿಲು ಕೂಡದು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಷ್ಟು ನೋವು (ಇದರ ಪಕ್ಕದಲ್ಲಿ ಅವರದೇ ಟಿಪ್ಪಣಿ: ಚಗಳಿ ಇರುವೆ ಕಚ್ಚಿದ ಹಾಗೆ ಇರಬೇಕು). ಲೇಸರಿನ ಬೆಳಕು ಹುಡುಕುವುದು ಕೂದಲಿನ ಕಪ್ಪು ಬಣ್ಣವನ್ನು, ಆ ಕಪ್ಪು ಬೆಳಕನ್ನು ಹೀರಿ ಕಾದು ಬುಡ ಸುಡುತ್ತದೆ ಎಂದೂ ಡಾಕ್ಟರಮ್ಮ ಹೇಳಿದ್ದರು. ಅದೊಂದು ಬರೆದಿಡುವ ಮಾತೆಂದು ಭಾವನಿಗೆ ಅನಿಸಲಿಲ್ಲ.

ಮನೆಗೆ ಬಂದವರೇ ಪಂಚಾಂಗ, ಡೈರಿ ಎರಡನ್ನೂ ಹರಡಿಕೊಂಡು ಕೂತರು. ಜೂನ್ 15ಕ್ಕೆ ಶುರು ಮಾಡಿದರೆ ಜುಲೈ 27, ಸೆಪ್ಟೆಂಬರ್ 7, ಅಕ್ಟೋಬರ್ 19, ನವೆಂಬರ್ 30, ಜನವರಿ 11. ಫೆಬ್ರುವರಿಯಲ್ಲಿ ಸಾಗರದ ಮಾರಿಜಾತ್ರೆ. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿನ ನೆಂಟರೆಲ್ಲ ಸೇರುತ್ತಾರೆ, ಬೋಳುಗಿವಿಯಲ್ಲಿ ತಿರುಗಬಹುದು. ಮಳೆಗಾಲವನ್ನೇ ಆರಿಸಿದ್ದಕ್ಕೂ ಕಾರಣವಿತ್ತು. "ಬಿಸಿಲು ಬೀಳಬಾರದು ಅಂತ ಬೆಂಗಳೂರಿನೋರು ಅದೆಂತದೋ ಕ್ರೀಮು ಹಚ್ಕೊಳ್ತಾರೆ. ನಮ್ಮಲ್ಲಿ ನಾಲ್ಕು ತಿಂಗಳು ಸೂರ್ಯ ಇದಾನೋ ಇಲ್ವೋ ಅನ್ನೋದೇ ಗೊತ್ತಾಗೋದಿಲ್ಲ. ಹುಲಿಕಲ್, ಆಗುಂಬೆಯೋರು ಎಲ್ರೂ ಲೇಸರ್ ಮಾಡಿಸ್ಬೇಕು ಮಾರಾಯ!"

ಯೋಜನೆಯಲ್ಲಿ ಕುಂದಿರಲಿಲ್ಲ. ಇದ್ದದ್ದು ಒಂದೇ ಎಡವಟ್ಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಮಳೆ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ. ಲೇಸರಿನ 42 ದಿನ, ಬೋರ್ಡೋದ 42 ದಿನ ಎರಡೂ ತಾಳೆಯಾದದ್ದು ಕಂಡು ಮೊದಲು ಸಂಭ್ರಮಪಟ್ಟರು. ಆಮೇಲೆ ತಿಳಿಯಿತು, ತಾಳೆಯಾದದ್ದೇ ಕಷ್ಟ. ಮಳೆ ಹೊಳವಾದ ದಿನ ಮೈಲುತುತ್ತ ಸುಣ್ಣ ಕಲಸಿ ತೋಟಕ್ಕೆ ಇಳಿಯಬೇಕು, ಶಿವಮೊಗ್ಗಕ್ಕೆ ಹೋಗುವ ಹಾಗಿಲ್ಲ. ಹೊಳವಾಗದ ದಿನ ದಾರಿಗೆ ಮರ ಬಿದ್ದಿರುತ್ತದೆ, ಆಗಲೂ ಹೋಗುವ ಹಾಗಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇವೆರಡು ಬಿಟ್ಟು ಮೂರನೆಯ ನಮೂನೆಯ ದಿನ ಇಲ್ಲ.

ಸೆಪ್ಟೆಂಬರಿನಲ್ಲಿ ಒಮ್ಮೆ ಹೊರಟೇಬಿಟ್ಟಿದ್ದರು. ಆದರೆ ಅಡಿಕೆ ಧಾರಣೆ ಓದುವಾಗ ಕಿವಿಯ ಕೂದಲನ್ನು ಎಳೆದೆಳೆದು ಕೀಳುವುದು ಅವರ ಹಳೆಯ ಚಾಳಿ. ಆ ವಾರ ಧಾರಣೆ ಇಳಿದಿತ್ತು. ಎಡಗಿವಿ ಅರ್ಧ ಬಯಲು. ಬುಡವೇ ಕಿತ್ತುಬಂದ ಮೇಲೆ ಲೇಸರ್ ತಾಗುವುದು ಯಾವುದಕ್ಕೆ? ನಾಲ್ಕು ವಾರ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಭೂಮಿ ಹುಣ್ಣಿಮೆ, ದೀಪಾವಳಿ. ಆಮೇಲೆ ಕೊಯ್ಲು. ಕೊಯ್ಲಿನಲ್ಲಿ ಅಡಿಕೆ ಬೇಯಿಸಿ ಅಂಗಳದಲ್ಲಿ ಹರಡಿ ದಿನವಿಡೀ ಬಿಸಿಲಿಗೆ ಕೂರಬೇಕು, ಡಾಕ್ಟರಮ್ಮ ಬಿಸಿಲು ಕೂಡದೆಂದಿದ್ದಾರೆ. ಕೊಯ್ಲು ಮುಗೀಲಿ.

ನೆಂಟರೂ ಸುಮ್ಮನಿರಲಿಲ್ಲ. ಹೊಸನಗರದ ಷಡ್ಡಕರು ತಮ್ಮ ಕೊಯ್ಲೂ ಮುಗಿಯಲಿ, ಒಟ್ಟಿಗೆ ಹೋದರೆ ಕಾರಿನ ಖರ್ಚು ಅರ್ಧ ಎಂದರು. ಅವರ ಕಿವಿಯಲ್ಲಿ ಒಂದೆಳೆಯೂ ಇಲ್ಲ, ಸುಮ್ಮನೆ ಜೊತೆಗೆ. ತೀರ್ಥಹಳ್ಳಿಯ ಬೀಗರು ಹಳೆಯ ಸಮಾಜವಾದಿಗಳು, ಶಾಂತವೇರಿ ಗೋಪಾಲಗೌಡರ ಹೆಸರಿಲ್ಲದೆ ಕಾಫಿಯನ್ನೂ ಕುಡಿಯದವರು. ಎಳ್ಳಮಾವಾಸ್ಯೆ ಜಾತ್ರೆಗೆ ಹೋದಾಗ ತುಂಗೆಯ ದಂಡೆಯಲ್ಲಿ ನಿಲ್ಲಿಸಿಕೊಂಡು, ದೇಹದ ಮೇಲಿನ ಕೂದಲಿಗೆ ನಾಚುವುದು ಮಾರುಕಟ್ಟೆ ಕಲಿಸಿದ ಪಾಠ ಎಂದು ಒಂದು ಗಂಟೆ ವಾದಿಸಿದರು. ಭಾವ ತಲೆದೂಗಿದರು. ವಾದ ಒಪ್ಪಿಗೆಯಾಗಿ ಅಲ್ಲ, ಇನ್ನೊಂದು ವರ್ಷ ಮುಂದೂಡಲು ತತ್ವವೂ ಸಿಕ್ಕಿತಲ್ಲ ಎಂದು.

ಯಾವುದೂ ಇಲ್ಲದಿದ್ದರೆ ಹಿನ್ನೀರು ದಾಟಿಸುವ ಲಾಂಚ್ ಇದ್ದೇ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತ ಮೇಲೆ ಆ ಕಡೆಯವರಿಗೆ ಪಡಬಾರದ ಪಾಡು ಬಂತು ನಿಜ. ಆದರೆ ಒಂದು ನೆಪವೂ ದಕ್ಕಿತು. "ಸಂಜೆ ಲಾಂಚ್ ತಪ್ಪಿದ್ರೆ?" ಎಂದರೆ ಮುಗಿಯಿತು, ಎದುರು ಮಾತಿಲ್ಲ. 2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾದ ದಿನ ಊರೆಲ್ಲ ಕುಣಿಯಿತು. ಭಾವ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ನಡೆದು ದಾಟಿ, ವಾಪಸು ನಡೆದು ಬಂದು, ಜಗಲಿಯಲ್ಲಿ ಬಹಳ ಹೊತ್ತು ಮಾತಿಲ್ಲದೆ ಕೂತರು.

ಕೊನೆಗೂ ಮೊನ್ನೆ, ಎರಡನೇ ಮಗಳ ನಿಶ್ಚಿತಾರ್ಥ ಆದ ಮೇಲೆ, ಶಿವಮೊಗ್ಗಕ್ಕೆ ಹೋದರು. ನಾನೂ ಹೋಗಿದ್ದೆ. ಡಾಕ್ಟರಮ್ಮ ಟವೆಲು ಸರಿಸಿ, ದೀಪ ಹಿಡಿದು ಎರಡೂ ಕಿವಿ ನೋಡಿದರು. ನಾವು ಯಾರೂ ಗಮನಿಸಿಯೇ ಇರಲಿಲ್ಲ. ಗರಿಕೆಯೆಲ್ಲ ಬೆಳ್ಳಗಾಗಿತ್ತು.

"ಬಿಳಿ ಕೂದಲು ಲೇಸರಿಗೆ ಕಾಣೋದೇ ಇಲ್ಲ, ರಾಯರೇ."

"ಡೈ ಹಚ್ಚಿಕೊಂಡು ಬರ್ಲಾ?"

"ಹಚ್ಚಿದ ಬಣ್ಣ ಬುಡಕ್ಕೆ ಇಳಿಯೋದಿಲ್ಲ."

ಭಾವ ಬಿಡಲಿಲ್ಲ. ಒಂದೊಂದಾಗಿ ಎಣಿಸಿ ಹೇಳಿ ಎಂದರು. ಡಾಕ್ಟರಮ್ಮ ನಗದೆ ಎಣಿಸಿದರು. ಬಲಗಿವಿಯಲ್ಲಿ ಏಳು, ಎಡಗಿವಿಯಲ್ಲಿ ನಾಲ್ಕು ಇನ್ನೂ ಕಪ್ಪಾಗಿದ್ದವು. ಆ ಹನ್ನೊಂದಕ್ಕೆ ಡೈರಿಯಲ್ಲಿ ಮುಂದಿನ ಜೂನ್ 15 ಎಂದು ಬರೆದಾಗಿದೆ.