ಕರ್ಚೀಫಿನ ರಿಸರ್ವೇಶನ್

"ಸ್ವಾಮಿ, ಇಲ್ಲಿ ಯಾರಾದ್ರೂ ಬರ್ತಾರಾ?"

"ಕರ್ಚೀಫು ಕಾಣ್ಸಲ್ವಾ? ಮಂಡ್ಯದಲ್ಲಿ ನಮ್ಮೋರು ಹತ್ತುತಾರೆ."

"ಗಾಡಿ ಇನ್ನೂ ಮೈಸೂರೇ ಬಿಟ್ಟಿಲ್ಲ!"

"ಅದಕ್ಕೇ ಕರ್ಚೀಫು ಮುಂಚೆ ಬಂದಿರೋದು. ಪಾಸಿದೆಯಾ?"

"ಇದೆ. 150 ಕಿಲೋಮೀಟರ್‌ವರೆಗೂ ಮಂತ್ಲಿ ಪಾಸ್ ಕೊಡ್ತಾರಲ್ಲ. ಬೆಂಗಳೂರು ಸುಮಾರು 140."

"ಹತ್ತು ಕಿಲೋಮೀಟರ್ ದಂಡ ಮಾಡ್ತಿದೀರಿ! ಮನೆ ಎಲ್ಲಿ?"

"ಇದೇ ಬೋಗಿ. ರಾತ್ರಿ ಮಾತ್ರ ಕುವೆಂಪುನಗರ."

(ಮಗು ಅಪ್ಪನನ್ನು ಕಾಣೋದು ಭಾನುವಾರ, 'ಅಂಕಲ್' ಅನ್ನದಿದ್ದರೆ ಪುಣ್ಯ.)

"ಮದ್ದೂರಿನವರೆಗೆ ನಿಂತಿರಿ. ವಡೆ ತಿಂದ ಇಸ್ಪೀಟಿನೋರು ಕೈ ತೊಳೆಯೋಕೆ ಏಳ್ತಾರೆ."

"ಎದ್ದಾಗ ಕೂರಬಹುದಾ?"

"ಛೇ, ಅವರ ಇಸ್ಪೀಟೆಲೆ ಹಿಡ್ಕೊಂಡಿರ್ಬೇಕು! ಕೆಂಗೇರೀಲಿ ಮೆಟ್ರೊ ಹಿಡಿಯೋರೆಲ್ಲ ಇಳೀತಾರೆ. ಆಗ ಧಾರಾಳವಾಗಿ ಕೂತ್ಕೊಳ್ಳಿ."

"ನಾನೂ ಕೆಂಗೇರೀಲೇ ಇಳಿಯೋದು, ಸ್ವಾಮಿ."

"ಹಾಗಾದ್ರೆ ನಿಮ್ಮ ಕರ್ಚೀಫು ಕೊಡಿ. ನಾಳೆಗೆ ಹಾಕಿಡ್ತೀನಿ."