ಹೇಗೂ ಅಲ್ಲೀತನಕ ಹೋಗ್ತೀರಲ್ಲ!

ದೆಹಲಿ, ಆಗ್ರಾ, ಜೈಪುರ. ಮೂರೇ ಊರು. ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಒಮ್ಮೆ ಉತ್ತರದ ಕಡೆ ಹೋಗಿಬರೋಣ ಎಂದು ರಾತ್ರಿ ಊಟಕ್ಕೆ ಕೂತಾಗ ನಾನು ಬಾಯಿಬಿಟ್ಟೆ. ಆಗ ಪಟ್ಟಿ ಇಷ್ಟೇ ಇತ್ತು. ಸಾರಿನಿಂದ ಮಜ್ಜಿಗೆಗೆ ಬರುವಷ್ಟರಲ್ಲಿ ಅದಕ್ಕೆ ಹರಿದ್ವಾರ, ಅಮೃತಸರ ಸೇರಿಕೊಂಡವು. ಕೈ ತೊಳೆದು ಬರುವಷ್ಟರಲ್ಲಿ ಮಗಳು ಮನಾಲಿಯನ್ನೂ ಹತ್ತಿಸಿದ್ದಳು. ಎಲ್ಲದಕ್ಕೂ ಕಾರಣ ಒಂದೇ: "ಹೇಗೂ ಅಲ್ಲೀತನಕ ಹೋಗ್ತೀವಲ್ಲ!"

ಅಮ್ಮನ ಅರ್ಜಿ ಕಾಶಿಯದು. "ಮದುವೇಲಿ ಛತ್ರಿ ಹಿಡ್ಕೊಂಡು ಕಾಶಿಗೆ ಹೊರಟೋನು ನೀನು, ಇನ್ನೂ ಮುಟ್ಟೇ ಇಲ್ಲ" ಎಂದರು. ಆವತ್ತು ನಮ್ಮ ಮಾವನವರು ಛತ್ರದ ಬಾಗಿಲಲ್ಲೇ ತಡೆದು, ಮಗಳನ್ನು ಕೊಡ್ತೀನಿ ಬನ್ನಿ ಎಂದು ಒಳಗೆ ಕರೆತಂದಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಮುಗಿದ ನನ್ನ ಪ್ರವಾಸ ಅದೊಂದೇ. ಇರಲಿ, ದೆಹಲಿಯಿಂದ ಕಾಶಿ ಸುಮಾರು 800 ಕಿಲೋಮೀಟರ್. ಬೆಂಗಳೂರು ನೋಡಲು ಬಂದವನಿಗೆ "ಪುಣೆ ಇಲ್ಲೇ ಪಕ್ಕದಲ್ಲಿ, ಸಂಜೆ ಹೋಗಿಬಾ" ಅಂದ ಹಾಗೆ ಇದು. ಗೋಡೆಯ ಭೂಪಟದಲ್ಲಿ ಮಾತ್ರ ಎರಡೂ ಎರಡೆರಡು ಬೆರಳಷ್ಟೇ.

ಮರುದಿನ ನಮ್ಮಕ್ಕನ ಯಜಮಾನರು, ಅಂದರೆ ಭಾವ, ತಾವಾಗಿಯೇ ಬಂದು ಪ್ರವಾಸದ ಉಸ್ತುವಾರಿ ವಹಿಸಿಕೊಂಡರು. ಅವರು ನಾಲ್ಕೂ ಧಾಮ ಮುಗಿಸಿದವರು. ಬದರಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರೆ, ದಾರಿಯಲ್ಲಿ ಎಲ್ಲೋ ಬಿಸಿ ಸಾರನ್ನ ಸಿಕ್ಕಿದ್ದನ್ನು ಇವತ್ತಿಗೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. "ನೋಡಯ್ಯ, ದುಡ್ಡು ಕೊಟ್ಟು ಹೋದ್ಮೇಲೆ ಒಂದು ನಿಮಿಷಾನೂ ದಂಡವಾಗಬಾರದು" ಎನ್ನುತ್ತ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆಯತೊಡಗಿದರು. ಬೆಳಿಗ್ಗೆ 5.00 ಏಳುವುದು. 5.30 ಹೊರಡುವುದು. ನಾವು ನಾಲ್ಕು ಜನ, ಬಚ್ಚಲು ಒಂದು, ಎರಡು ಬಕೆಟ್ಟಿಗೇ ಕೈಯೆತ್ತುವ ಲಾಡ್ಜಿನ ಗೀಸರು. ಅಮ್ಮ ಸ್ನಾನ, ಜಪ ಆಗದೆ ಕಾಫಿ ಮುಟ್ಟುವವರಲ್ಲ. ಭಾವನ ಪಟ್ಟಿಯಲ್ಲಿ ಕೊನೆಯ ದಿನದವರೆಗೂ ಯಾರೂ ಸ್ನಾನ ಮಾಡಿರಲಿಲ್ಲ.

ಸೋಮವಾರ ಕೆಂಪುಕೋಟೆ, ಅಕ್ಷರಧಾಮ. ಶುಕ್ರವಾರ ತಾಜ್ ಮಹಲ್. ಮಗಳು ಫೋನಿನಲ್ಲಿ ಹುಡುಕಿ, "ಮಾವ, ಸೋಮವಾರ ಅವೆರಡೂ ಬಾಗಿಲು ತೆಗೆಯಲ್ಲ. ಶುಕ್ರವಾರ ತಾಜ್‌ಗೆ ರಜ" ಎಂದಳು. ದೆಹಲಿಯಿಂದ ಆಗ್ರಾ ಕಡೆಗೆ ಓಡುವ ಗತಿಮಾನ್ ಎಕ್ಸ್‌ಪ್ರೆಸ್ ಕೂಡ ಶುಕ್ರವಾರ ಓಡುವುದಿಲ್ಲ. ರೈಲ್ವೆಯವರಿಗೆ ತಿಳಿದದ್ದು ಭಾವನಿಗೆ ತಿಳಿದಿರಲಿಲ್ಲ. ಅವರೇನೂ ವಿಚಲಿತರಾಗಲಿಲ್ಲ. "ಹೊರಗಿಂದಲೇ ಕೈಮುಗಿದ್ರಾಯ್ತು. ಒಳಗೇನಿದೆ, ಗೋರಿ ತಾನೇ!"

ನನ್ನ ತಕರಾರು ಬೇರೆಯದು. ಪಟ್ಟಿಯಲ್ಲಿ ಊರುಗಳಿದ್ದವು, ಊರು ಬದಲಾಯಿಸುವ ಹೊತ್ತು ಎಲ್ಲೂ ಇರಲಿಲ್ಲ. ಕಿಟಕಿ ಸರಳಿಗೆ ಹಾಕಿದ ಒದ್ದೆ ಟವೆಲನ್ನು ಪ್ಲಾಸ್ಟಿಕ್ ಕವರಿಗೆ ತುರುಕಬೇಕು. ಮಂಚದಡಿ ಹೋದ ಚಾರ್ಜರ್ ಎಳೆಯಬೇಕು. ಅಮ್ಮನ ಬಿಪಿ ಮಾತ್ರೆ ಡಬ್ಬಿ ಯಾರ ಚೀಲದಲ್ಲಿ ಎಂಬ ವಿಚಾರಣೆ ಮುಗಿಯಬೇಕು. ಈ ಊರಿನ ಲಾಡ್ಜಿನವರು ಹನ್ನೊಂದಕ್ಕೆ ಎಬ್ಬಿಸುತ್ತಾರೆ, ಆ ಊರಿನವರು ಎರಡರವರೆಗೆ ಸೋಫಾದಲ್ಲಿ ಕೂರಿಸುತ್ತಾರೆ. ರೂಮು ಸಿಕ್ಕ ಮೇಲೆ ಯಾರಿಗೂ ಹವಾ ಮಹಲ್ ಬೇಡ, ದಿಂಬು ಸಾಕು. ಊರು ಬದಲಾದ ದಿನ ಅರ್ಧ ದಿನ ಹೋಯಿತೆಂದೇ ಲೆಕ್ಕ. ಹಾಗಾಗಿ ಎಷ್ಟು ಊರು ಎಂದು ಎಣಿಸುವ ಬದಲು, ಯಾವ ಊರಿಗೆ ಎಷ್ಟು ರಾತ್ರಿ ಎಂದು ಎಣಿಸಿ ಎಂದೆ. ಒಂದೇ ರಾತ್ರಿ ತಂಗುವ ಊರನ್ನು ಸರಿಯಾಗಿ ನೋಡುವುದು ನಮ್ಮ ಸೂಟ್‌ಕೇಸು ಮಾತ್ರ.

ಜಗಳ ಹತ್ತಿದ್ದು ಜೈಪುರದ ಜಂತರ್ ಮಂತರ್ ವಿಷಯಕ್ಕೆ. ಭಾವ ಅದಕ್ಕೆ ಕೊಟ್ಟದ್ದು ಹತ್ತು ನಿಮಿಷ. ಸವಾಯಿ ಜೈಸಿಂಗ್ 18ನೇ ಶತಮಾನದಲ್ಲಿ ಕಟ್ಟಿಸಿದ ಅಲ್ಲಿನ ಸಾಮ್ರಾಟ ಯಂತ್ರ ಸುಮಾರು 27 ಮೀಟರ್ ಎತ್ತರದ ನೆರಳು ಗಡಿಯಾರ. ಅದರ ನೆರಳು ಅಮೃತಶಿಲೆಯ ಅಂಚಿನ ಮೇಲೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಸುಮ್ಮನೆ ನಿಂತರೆ ಕಣ್ಣೆದುರೇ ಹೊತ್ತು ನಡೆಯುವುದು ಕಾಣುತ್ತದೆ. ಸುಮ್ಮನೆ ನಿಲ್ಲುವುದಕ್ಕೆ ಹತ್ತು ನಿಮಿಷ ಎಲ್ಲಿ ಸಾಕು? "ನೆರಳು ನೋಡೋಕೆ ಜೈಪುರಕ್ಕೆ ಯಾಕಯ್ಯ" ಎಂದರು ಭಾವ. ಬಿಸಿ ಸಾರನ್ನಕ್ಕೆ ಬದರಿಯವರೆಗೆ ಹೋದವರ ಬಾಯಲ್ಲಿ ಈ ಮಾತು.

ಕೊನೆಗೆ ಪೆನ್ಸಿಲ್ ಹಿಡಿದದ್ದು ನನ್ನ ಹೆಂಡತಿ. "ರೀ, ಜೈಪುರ ನೋಡಿ ಮತ್ತೆ ದೆಹಲಿಗೆ ಯಾಕೆ ಬರ್ಬೇಕು? ಅಲ್ಲಿಂದ್ಲೇ ಬೆಂಗಳೂರಿಗೆ ವಿಮಾನ ಇದೆಯಲ್ಲ" ಎಂದು ಒಂದು ಗೆರೆ ಹೊಡೆದಳು. ಸುಮಾರು 270 ಕಿಲೋಮೀಟರ್ ಅಲ್ಲೇ ಉಳಿಯಿತು. ಫತೇಪುರ್ ಸಿಕ್ರಿಯನ್ನು ಉಳಿಸಿಕೊಂಡಳು. ಅದು ಆಗ್ರಾದಿಂದ ಜೈಪುರಕ್ಕೆ ಹೋಗುವ ದಾರಿಯಲ್ಲೇ, ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಸಿಗುತ್ತದೆ. ಅಷ್ಟು ಊರುಗಳಲ್ಲಿ 'ಹೇಗೂ' ಎನ್ನಲು ನಿಜವಾದ ಹಕ್ಕಿದ್ದದ್ದು ಅದಕ್ಕೊಂದಕ್ಕೇ. ಹರಿದ್ವಾರ, ಅಮೃತಸರ ಸದ್ದಿಲ್ಲದೆ ಹೋದವು. ಮಗಳು ಮನಾಲಿ ಬಿಟ್ಟುಕೊಡಲು ಜೈಪುರದಲ್ಲಿ ಇನ್ನೊಂದು ರಾತ್ರಿಯನ್ನು ಲಂಚವಾಗಿ ಪಡೆದಳು. ಲೆಹರಿಯಾ ಸೀರೆಯ ಮೇಲೆ ಕಣ್ಣಿದ್ದ ಅವಳ ತಾಯಿ ಅದಕ್ಕೆ ಕೂಡಲೇ ಒಪ್ಪಿದಳು.

ಕಾಶಿಗೆ ಗೆರೆ ಎಳೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅಮ್ಮನೇ ಎಳೆದರು. "ಕಾಶಿಗೆ ಹೋಗೋದು ಅಂದ್ರೆ ಕಾಶಿಗೇ ಹೋಗ್ಬೇಕು, ಸೀರೆ ಅಂಗಡಿ ಮಧ್ಯೆ ತುರುಕೋದಲ್ಲ. ಬಂದ್ಮೇಲೆ ಸಮಾರಾಧನೆ ಆಗ್ಬೇಕು, ಊರೋರ್ನೆಲ್ಲ ಕರೀಬೇಕು." ಈ ಪ್ರವಾಸಕ್ಕಿಂತ ಆ ಊಟದ ಖರ್ಚೇ ಜಾಸ್ತಿಯಾಗುತ್ತದೆಂದು ನಾನು ಆಗಲೇ ಲೆಕ್ಕ ಹಾಕಿಯಾಗಿದೆ.

ನೀವೂ ಮೊದಲ ಸಲ ನಾಲ್ಕಾರು ಊರು ಸುತ್ತಲು ಹೊರಟಿದ್ದರೆ ನನ್ನದೊಂದು ವಿನಂತಿ. ಟಿಕೆಟ್ ಕೈಗೆ ಬರುವವರೆಗೆ ನೆಂಟರಿಗೆ ಸುದ್ದಿ ಕೊಡಬೇಡಿ. ಭಾವ ಬಂದರೆ ಕಾಫಿ ಕೊಡಿ, ಪೆನ್ನು ಕೊಡಬೇಡಿ.